ಮೂರು ಬರ್ಗರ್ ಅಂಗಡಿ, ನಾಲ್ಕನೇ ಮೂಲೆಯಲ್ಲಿ ಪ್ರಶ್ನೆ ಅಕ್ಕ

ಬೆಳಗಿನ ಮೊದಲ ಬಸ್ಸು ಇನ್ನೂ ಬಂದಿಲ್ಲ. ನಿಲ್ದಾಣದ ಕಬ್ಬಿಣದ ಬೆಂಚು ಮಂಜಿಗೆ ಒದ್ದೆಯಾಗಿದೆ. ಅದರ ಪಕ್ಕದಲ್ಲಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ಟ್ಯಾಬನ್ನು ಎದೆಗೊತ್ತಿಕೊಂಡು ಹೆಂಗಸೊಬ್ಬರು ನಿಂತಿದ್ದಾರೆ. ಎದುರಿಗೆ ಕೂಡುರಸ್ತೆ. ಅದರ ಮೂರು ಮೂಲೆಗಳಲ್ಲಿ ಮೂರು ಬರ್ಗರ್ ಅಂಗಡಿಗಳು. ಒಂದರ ಬೋರ್ಡು ಹಸಿರು, ಒಂದರದು ಕೆಂಪು, ಇನ್ನೊಂದರದು ನೀಲಿ. ನಾಲ್ಕನೇ ಮೂಲೆ ಇವರದು.

"ಒಂದು ನಿಮಿಷ ಇದೆಯಾ? ಬರ್ಗರ್ ಅಂಗಡಿಗಳ ಬಗ್ಗೆ ನಿಮ್ಮ ಅಭಿಪ್ರಾಯ ಕೇಳಬೇಕಿತ್ತು."

ಮೊದಲು ಸಿಕ್ಕವರು ಕೈ ಅಲ್ಲಾಡಿಸಿ ಮುಂದೆ ಹೋಗುತ್ತಾರೆ. ಎರಡನೆಯವರು ಫೋನನ್ನು ಕಿವಿಗಿಟ್ಟುಕೊಳ್ಳುತ್ತಾರೆ. ಆ ಕಡೆ ಯಾರೂ ಇಲ್ಲವೆಂಬುದು ಇಬ್ಬರಿಗೂ ಗೊತ್ತು. ಮೂರನೆಯವರು ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್. ಅವರು ನಿಲ್ಲುತ್ತಾರೆ.

"ನನಗೆ ನೀಲಿಯಂಗಡೀದೇ ಸರಿ. ಮನೆ ಮುಟ್ಟೋ ಹೊತ್ತಿಗೂ ಫ್ರೈಸ್ ಗರಿಗರಿಯಾಗೇ ಇರುತ್ತೆ. ಕೆಂಪಂಗಡೀಲಿ ಬರ್ಗರ್ ದೊಡ್ಡದು, ಆದ್ರೆ ಫ್ರೈಸ್‌ಗೆ ಉಪ್ಪು ಸುರೀತಾರೆ."

"ಹಸಿರಂಗಡೀದು?"

"ಅದನ್ನ ಕೇಳಲೇಬೇಡಿ. ಮೆತ್ತಗೆ, ಒದ್ದೆ ಕಾಗದ ತಿಂದ ಹಾಗೆ. ಕರಿಯೋರಿಗೆ ಕೆಲಸದಲ್ಲಿ ಮನಸ್ಸಿಲ್ಲ ಅನ್ಸುತ್ತೆ."

ಪ್ರಶ್ನೆ ಕೇಳಿದವರು ತಲೆಯಾಡಿಸಿ ಉತ್ತರಕ್ಕೆ ಗುರುತು ಹಾಕುತ್ತಾರೆ. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ನರ್ಸ್ ಬಸ್ಸು ಹತ್ತಿ ಹೋದ ಮೇಲೆ ಮಾತ್ರ ಹಸಿರು ಬೋರ್ಡಿನ ಕಡೆ ಒಮ್ಮೆ ನೋಡುತ್ತಾರೆ. ಆ ಗಾಜಿನ ಹಿಂದೆ, ಕೂದಲನ್ನೆಲ್ಲ ಟೋಪಿಯೊಳಗೆ ಸೇರಿಸಿ, ಕುದಿಯುವ ಎಣ್ಣೆಯ ಮುಂದೆ ನಿಂತು ಆ ಫ್ರೈಸ್ ಕರಿಯುತ್ತಿರುವವಳು ಅವರ ಒಡಹುಟ್ಟಿದ ತಂಗಿ.

ಇದು ಕಳೆದ ಚಳಿಗಾಲದ ಮಾತು. ಆ ವಾರವನ್ನು ಅವರು ಈಗಲೂ ಮರೆತಿಲ್ಲ.

ಕೂಡುರಸ್ತೆಯ ಜನಕ್ಕೆ ಅವರು 'ಪ್ರಶ್ನೆ ಅಕ್ಕ'. ನಿಜವಾದ ಹೆಸರು ಕೊರಳ ಚೀಟಿಯಲ್ಲಿದ್ದರೂ ಯಾರೂ ಓದಿದ್ದಿಲ್ಲ. ಸೋಪು, ಹಲ್ಲುಜ್ಜುವ ಪೇಸ್ಟು, ಫೋನ್ ಕಂಪನಿ, ಬರ್ಗರ್ ಹೀಗೆ ಜನ ಯಾವುದನ್ನು ಮೆಚ್ಚುತ್ತಾರೆ, ಯಾವುದಕ್ಕೆ ಮೂಗು ಮುರಿಯುತ್ತಾರೆ ಎಂದು ಬೀದಿಯಲ್ಲಿ ನಿಂತು ಕೇಳುವುದು ಅವರ ಉದ್ಯೋಗ. ಕೇಳಿಸುವುದು ಸಮೀಕ್ಷೆಯ ಕಂಪನಿ. ಆ ಕಂಪನಿಗೆ ಕೆಲಸ ಕೊಡುವವರು ಅಂಗಡಿ ಮಾಲೀಕರು. ದಿನಕ್ಕೆ ಮೂವತ್ತು ಜನರ ಉತ್ತರ ಆಗಬೇಕು. ಮೂವತ್ತು ಜನ ನಿಲ್ಲಬೇಕಾದರೆ ಇನ್ನೂರು ಜನರ ಮುಂದೆ ಹೋಗಿ ನಗಬೇಕು.

ಇದಕ್ಕೆ ಮೊದಲು ಅವರು ಸಿನಿಮಾ ಮಂದಿರವೊಂದರ ಟಿಕೆಟ್ ಕಿಟಕಿಯಲ್ಲಿದ್ದರು. "ಇಂಟರ್ವಲ್‌ನಲ್ಲಿ ಹೊರಗೆ ಬಂದವರ ಮುಖ ನೋಡಿದ್ರೇ ಸಿನಿಮಾ ಎಷ್ಟು ವಾರ ಓಡುತ್ತೆ ಅಂತ ಗೊತ್ತಾಗ್ತಿತ್ತು. ಕೊನೆಗೆ ಮಂದಿರವೇ ಓಡಲಿಲ್ಲ, ಬಿಡಿ" ಎಂದು ನಗುತ್ತಾರೆ. ಅದಕ್ಕೆ ಬೀಗ ಬಿದ್ದ ಮೇಲೆ ಈ ಕೆಲಸ ಹಿಡಿದರು. ಬಿಸಿಲಿರಲಿ ಚಳಿಯಿರಲಿ, ನಿಂತೇ ಇರಬೇಕು; ಕೂತವರನ್ನು ಕಂಡರೆ ಜನ ಹತ್ತಿರ ಬರುವುದಿಲ್ಲವಂತೆ. ಮಾತು ಎಷ್ಟೇ ಒರಟಾಗಿದ್ದರೂ ಮುಖ ಕೆಡಿಸಿಕೊಳ್ಳುವ ಹಾಗಿಲ್ಲ. "ನನ್ನ ಮುಖದಲ್ಲಿ ಬೇಜಾರು ಕಂಡ್ರೆ ಅವರು ಮಾತು ತಿರುಗಿಸ್ತಾರೆ. ನಾನು ಖುಷಿಪಟ್ರೆ ಇನ್ನಷ್ಟು ಹೊಗಳ್ತಾರೆ. ಅದಕ್ಕೇ ಮುಖಾನ ಮನೇಲಿಟ್ಟು ಬರಬೇಕು ಅಂತ ಮೊದಲ ದಿನವೇ ಹೇಳಿಕೊಟ್ಟಿದ್ರು."

ಬರ್ಗರಿನ ಬಗ್ಗೆ ಜನಕ್ಕೆ ಇಷ್ಟೊಂದು ಹೇಳುವುದಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಟ್ಯಾಕ್ಸಿ ಚಾಲಕರೊಬ್ಬರಿಗೆ ಹಸಿರಂಗಡಿಯೇ ಆಗಬೇಕು. ಏಕೆಂದು ಕೇಳಿದರೆ, ಅಲ್ಲಿ ಗಾಡಿ ನಿಲ್ಲಿಸಲು ಜಾಗವಿದೆ, ಶೌಚಾಲಯ ಚೊಕ್ಕಟವಾಗಿದೆ. ರುಚಿ? "ಹಸಿದವನಿಗೆ ಏನು ರುಚಿ ಕೇಳ್ತೀರಕ್ಕ." ಕಾಲೇಜಿನ ಇಬ್ಬರು ಗೆಳತಿಯರು ಅವರೆದುರೇ ಜಗಳಕ್ಕೆ ಬಿದ್ದರು. ಕೆಂಪಂಗಡಿಯಲ್ಲಿ ಸಾಸು ಧಾರಾಳ ಎಂದು ಒಬ್ಬಳು. ಒಣಗಿದ ಬನ್ನು ಗೊತ್ತಾಗದಿರಲಿ ಎಂದೇ ಅಷ್ಟು ಸುರಿಯುತ್ತಾರೆ ಎಂದು ಇನ್ನೊಬ್ಬಳು. ವಯಸ್ಸಾದ ಒಬ್ಬರು ಮೂರರ ಬಗ್ಗೆಯೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿ, ಕೊನೆಗೆ ತಮಗೆ ಬರ್ಗರ್ ಕಚ್ಚಲು ಹಲ್ಲೇ ಇಲ್ಲವೆಂದು ತೋರಿಸಿ ಹೋದರು.

ಇಷ್ಟೆಲ್ಲ ಬೇರೆ ಬೇರೆ ಅಭಿಪ್ರಾಯಗಳ ನಡುವೆ ಒಂದು ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ರಾಗ. ಹಸಿರಂಗಡಿಯ ಫ್ರೈಸ್ ಚೆನ್ನಾಗಿಲ್ಲ.

ಈ ಬರ್ಗರ್ ಸಮೀಕ್ಷೆ ಶುರುವಾದ ಮಾರನೆಯ ದಿನ ಮೇಲ್ವಿಚಾರಕಿ ಬಂದರು. ತಂಗಿಗಿಂತಲೂ ಚಿಕ್ಕ ವಯಸ್ಸು; ಆದರೂ ಪ್ರಶ್ನೆ ಅಕ್ಕನಿಗೆ ಅವರು ಮೇಡಂ. ಟ್ಯಾಬಿನಲ್ಲಿ ಬಂದ ಉತ್ತರಗಳ ಮೇಲೆ ಕಣ್ಣಾಡಿಸಿ ದನಿ ತಗ್ಗಿಸಿದರು. "ಈ ಸಲ ಸ್ವಲ್ಪ ಹುಷಾರಾಗಿ ಮಾಡಿ. ಹಸಿರಂಗಡಿಯವರೇ ಮಾಡಿಸ್ತಿರೋದು. ಈ ಬ್ರಾಂಚ್ ಇಟ್ಕೋಬೇಕೋ ಮುಚ್ಚಬೇಕೋ ಅನ್ನೋದನ್ನ ಇದು ನೋಡಿ ತೀರ್ಮಾನ ಮಾಡ್ತಾರಂತೆ. ಎಲ್ಲೂ ಬಾಯಿ ಬಿಡಬೇಡಿ."

ಯಾವ ಅಂಗಡಿಯ ಬಗ್ಗೆ ಕೇಳುತ್ತಾರೋ ಅಲ್ಲಿ ತಮ್ಮವರು ಯಾರಾದರೂ ಇದ್ದರೆ ಮೊದಲೇ ತಿಳಿಸಬೇಕೆಂಬುದು ಕಂಪನಿಯ ನಿಯಮ. ಅಕ್ಕ ತಿಳಿಸಿರಲಿಲ್ಲ. ತಿಳಿಸಿದರೆ ಈ ಕೆಲಸ ಕೈತಪ್ಪುತ್ತದೆ, ಇನ್ನೊಂದು ಯಾವಾಗ ಸಿಗುತ್ತದೋ ಎಂಬ ಹೆದರಿಕೆ. ಬರೀ ಬರ್ಗರ್ ತಾನೇ, ಇದರಿಂದ ಯಾರಿಗೇನಾದೀತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

ಅಕ್ಕ ತಂಗಿ ಇರುವುದು ಟಯರ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಹಸಿರಂಗಡಿಯ ಕೆಲಸ ಸಿಗುವ ಮುಂಚೆ ತಂಗಿ ಒಂದು ವರ್ಷ ಮನೆಯಲ್ಲಿಯೇ ಕೂತಿದ್ದಳು. ಹೋದಲ್ಲೆಲ್ಲ ಬೇಡವೆನ್ನಿಸಿಕೊಂಡು, ಕೊನೆಕೊನೆಗೆ ಯಾರಾದರೂ ಬಾಗಿಲು ಬಡಿದರೂ ಏಳುತ್ತಿರಲಿಲ್ಲ. "ತಲೆ ಬಾಚಿಕೊಳ್ಳೇ ಅಂತ ನಾನೇ ಹೇಳಬೇಕಿತ್ತು. ಹಸಿರಂಗಡಿ ಸೇರಿದ ಮೇಲೆ ಬೆಳಗ್ಗೆ ನನಗಿಂತ ಮುಂಚೆ ಎದ್ದು, ಬೂಟು ಒರೆಸಿಕೊಂಡು ಕಾಯ್ತಿರ್ತಿದ್ಲು" ಎನ್ನುತ್ತಾರೆ ಅಕ್ಕ. ಇಬ್ಬರೂ ಕತ್ತಲಿರುವಾಗಲೇ ಜೊತೆಯಾಗಿ ನಡೆದು ಬಂದು, ಕೂಡುರಸ್ತೆಯಲ್ಲಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಆಗುತ್ತಿದ್ದರು. ತಂಗಿ ಗಾಜಿನೊಳಗಿಂದ ಕೈ ಬೀಸಿದರೆ ಅಕ್ಕ ಕಂಡೂ ಕಾಣದ ಹಾಗೆ ಟ್ಯಾಬ್ ನೋಡುತ್ತಿದ್ದರು.

ಮೇಡಂ ಬಂದುಹೋದ ಆ ಸಂಜೆ ಊಟಕ್ಕೆ ಕೂತಾಗ ತಂಗಿಯೇ ಮಾತು ತೆಗೆದಳು.

"ಜನ ನಮ್ಮ ಅಂಗಡಿ ಬಗ್ಗೆ ಏನಂತಾರೆ?"

"ಒಬ್ಬೊಬ್ಬರು ಒಂದೊಂದು ಥರ."

"ಅಂದ್ರೆ ಚೆನ್ನಾಗಿಲ್ಲ ಅಂತಾರೆ."

"ನಾನು ಹಾಗಂದ್ನಾ?"

"ಚೆನ್ನಾಗಿದೆ ಅಂದಿದ್ರೆ ಬಾಗಿಲಲ್ಲೇ ನಿಂತು ಹೇಳ್ತಿದ್ದೆ ನೀನು."

ಅಕ್ಕ ತಟ್ಟೆ ಎತ್ತಿಕೊಂಡು ಎದ್ದರು. ನಲ್ಲಿ ತಿರುಗಿಸಿ, ತೊಳೆದ ತಟ್ಟೆಯನ್ನೇ ಮತ್ತೆ ತೊಳೆದರು.

ಮುಂದಿನ ದಿನಗಳು ಹೇಗೆ ಕಳೆದವೆಂದು ಹೇಳುವಾಗ ಅವರ ಬೆರಳುಗಳು ಕೊರಳ ಚೀಟಿಯ ದಾರವನ್ನು ಸುತ್ತುತ್ತವೆ, ಬಿಡಿಸುತ್ತವೆ. ಹಸಿರಂಗಡಿಯಿಂದ ಯಾರು ಪೊಟ್ಟಣ ಹಿಡಿದು ಹೊರಬಂದರೂ ಮೊದಲು ಅವರ ಬಾಯಿ ನೋಡುವುದು. ಚಪ್ಪರಿಸುತ್ತಿದ್ದಾರೋ, ಮುಖ ಸಿಂಡರಿಸುತ್ತಿದ್ದಾರೋ? ಅರ್ಧ ತಿಂದ ಪೊಟ್ಟಣ ಕಸದ ಡಬ್ಬಿಗೆ ಬಿದ್ದರೆ ತಮ್ಮ ಬೆನ್ನಿಗೇ ಬಿದ್ದ ಹಾಗೆ. ತಂಗಿಗೆ ಹೇಳಿಬಿಡಲೇ? ಹೇಳಿದರೆ ಅವಳು ಅಲ್ಲಿ ಯಾರಿಗಾದರೂ ಹೇಳುತ್ತಾಳೆ, ಇಬ್ಬರ ಕೆಲಸವೂ ಹೋಗುತ್ತದೆ. ಹೇಳದಿದ್ದರೆ ಒಂದು ದಿನ ಬೆಳಗ್ಗೆ ಅವಳು ಬೂಟು ಒರೆಸಿಕೊಂಡು ಬಂದಾಗ ಅಂಗಡಿಗೆ ಬೀಗ ಬಿದ್ದಿರುತ್ತದೆ.

ಶುಕ್ರವಾರ ಅವರ ಹಿಡಿತ ತಪ್ಪಿತು. ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ ಹಿಡಿದ ತಾಯಿಯೊಬ್ಬರು ನಿಂತಿದ್ದರು. ಟ್ಯಾಬಿನಲ್ಲಿದ್ದ ಪ್ರಶ್ನೆ, ಹಸಿರಂಗಡಿಯ ಫ್ರೈಸ್ ಹೇಗಿದೆ ಎಂದು. ಅಕ್ಕ ಕೇಳಿದ್ದು ಬೇರೆ.

"ಹಸಿರಂಗಡಿ ಫ್ರೈಸ್ ಚೆನ್ನಾಗಿರುತ್ತೆ, ಅಲ್ವಾ?"

"ಹೂಂ, ಇರಬಹುದು" ಎಂದರು ಆ ತಾಯಿ, ಕೂಸಿನ ಟೋಪಿ ಸರಿಮಾಡುತ್ತ.

'ಚೆನ್ನಾಗಿದೆ' ಎಂದು ಗುರುತು ಬಿತ್ತು. ಎಷ್ಟು ಸುಲಭವಾಗಿ ಆಗಿಹೋಯಿತೆಂದು ಅಕ್ಕನಿಗೇ ಗಾಬರಿಯಾಯಿತು. ದಿನವಿಡೀ ಹೀಗೇ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಸುಳ್ಳು ಬರೆದಂತೆಯೂ ಅಲ್ಲ; ಅವರೇ 'ಹೂಂ' ಅಂದಿದ್ದಾರಲ್ಲ. ಮುಂದೆ ಬಂದ ಹುಡುಗನನ್ನು ನಿಲ್ಲಿಸಲು ಕೈ ಎತ್ತಿದರು. ಎತ್ತಿದ ಕೈಯನ್ನು ಹಾಗೇ ಇಳಿಸಿದರು.

ಟ್ಯಾಬಿನಲ್ಲಿ ಆ ತಾಯಿಯ ಉತ್ತರವನ್ನು ರದ್ದು ಮಾಡಿ, ಅಲ್ಲಿಂದಲೇ ಮೇಲ್ವಿಚಾರಕಿಗೆ ಫೋನು ಮಾಡಿದರು. "ಮೇಡಂ, ಹಸಿರಂಗಡೀಲಿ ಫ್ರೈಸ್ ಕರಿಯೋದು ನನ್ನ ತಂಗಿ. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಇವತ್ತು ಒಬ್ಬರ ಹತ್ತಿರ ಪ್ರಶ್ನೇನೇ ತಿರುಗಿಸಿ ಕೇಳಿದೆ. ಅದನ್ನ ಅಳಿಸಿದೀನಿ. ಇನ್ನು ನನ್ನನ್ನ ಇಲ್ಲಿ ನಿಲ್ಲಿಸಬೇಡಿ."

"ಮನೆಗೆ ಹೋಗಿ. ಮೇಲಿನವರನ್ನ ಕೇಳಿ ಹೇಳ್ತೀನಿ" ಎಂದಷ್ಟೇ ಹೇಳಿ ಮೇಡಂ ಫೋನಿಟ್ಟರು.

ವಾರ ಕಳೆದರೂ ಫೋನು ಬರಲಿಲ್ಲ. ಅಕ್ಕ ಮನೆಯಲ್ಲಿ ಕೂತರು. ಕೆಳಗೆ ಟಯರಿನ ಗಾಳಿ ಬಿಟ್ಟ ಸದ್ದಾದರೂ ಬೆಚ್ಚುತ್ತಿದ್ದರು. ಫೋನು ಬಾಯಿ ಬಿಡಲಿಲ್ಲ. ತಂಗಿಯೆದುರು ಅವರೂ ಬಿಡಲಿಲ್ಲ. ಜ್ವರ ಬಂದ ಹಾಗಿದೆ ಎಂದರು. ತಂಗಿ ಹಣೆ ಮುಟ್ಟಿ ನೋಡಿ ಕೆಲಸಕ್ಕೆ ಹೋದಳು. ನಾಲ್ಕನೇ ಮೂಲೆಯಲ್ಲಿ ಬೇರೆ ಯಾರೋ ಗಂಡಸು ಟ್ಯಾಬ್ ಹಿಡಿದು ನಿಂತಿದ್ದಾನೆಂದು ಒಂದು ಸಂಜೆ ಬಂದು ಹೇಳಿದಳು. ಅಕ್ಕನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ಹಾಸಿಗೆಯ ಮೇಲೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ಬ್ರಾಂಚಿನ ಸುದ್ದಿ, ನರ್ಸ್ ಹೇಳಿದ್ದು, ಕೂಸಿನ ತಾಯಿ, ಫೋನು.

ತಂಗಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೇಳಿಸಿಕೊಂಡಳು.

"ಒದ್ದೆ ಕಾಗದ ಅಂದ್ರಾ?"

"ಹೂಂ."

"ಸರಿಯಾಗೇ ಹೇಳಿದಾರೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮಶೀನು ಹಳೇದು ಅಕ್ಕ. ಕಾಯೋದೇ ಇಲ್ಲ. ಗಿರಾಕಿ ಜಾಸ್ತಿಯಾದ್ರೆ ಬುಟ್ಟಿ ತುಂಬ ಹಾಕಿಸ್ತಾರೆ, ಎಣ್ಣೆ ತಣ್ಣಗಾಗುತ್ತೆ. ಇನ್ನೂ ಸ್ವಲ್ಪ ಬಿಡೋಣ ಅಂದ್ರೆ ಸಾಲು ಬೆಳೀತಿದೆ ತೆಗಿ ತೆಗಿ ಅಂತಾರೆ. ಎಷ್ಟು ಸಲ ಹೇಳಿದೀನಿ ಗೊತ್ತಾ? ನನ್ನ ಮಾತು ಯಾರು ಕೇಳ್ತಾರೆ." ಟೋಪಿಯನ್ನು ಮಡಿಸುತ್ತ ಮತ್ತೆ ಹೇಳಿದಳು. "ಮನಸ್ಸಿಲ್ಲ ಅಂದ್ರಲ್ಲ, ಅದೊಂದು ಮಾತ್ರ ಸುಳ್ಳು."

ಆಮೇಲೆ ಅವಳು ಅತ್ತಳು. ಅತ್ತದ್ದು ಫ್ರೈಸಿಗಲ್ಲ. ಒಂದೇ ಮನೆಯಲ್ಲಿದ್ದು ಅಕ್ಕ ಇಷ್ಟು ದಿನ ಮುಚ್ಚಿಟ್ಟಳಲ್ಲ ಎಂದು. ಎರಡು ದಿನ ಎಷ್ಟು ಬೇಕೋ ಅಷ್ಟೇ ಮಾತಾಡಿದಳು.

ಕೊನೆಗೆ ಮೇಲ್ವಿಚಾರಕಿಯ ಫೋನು ಬಂತು. ಅಕ್ಕ ಸಂಗ್ರಹಿಸಿದ ಉತ್ತರಗಳನ್ನೆಲ್ಲ ಬದಿಗಿಟ್ಟು ಹೊಸಬ ಮತ್ತೆ ಮೊದಲಿನಿಂದ ಕೇಳಿದ್ದ. ಜನ ಅವನಿಗೂ ಅದನ್ನೇ ಹೇಳಿದ್ದರು. ಆ ವಾರದ ಸಂಬಳ ಅಕ್ಕನಿಗೆ ಸಿಗುವುದಿಲ್ಲ. ಕೆಲಸ ಉಳಿಯಿತು, ಎಚ್ಚರಿಕೆಯೊಂದಿಗೆ. ಸೋಮವಾರದಿಂದ ರೈಲ್ವೆ ನಿಲ್ದಾಣದ ಮುಂದೆ ಬಟ್ಟೆ ಸೋಪಿನ ಬಗ್ಗೆ ಕೇಳಬೇಕು.

ಹಸಿರಂಗಡಿಯ ತೀರ್ಮಾನ ಬರಲು ಇನ್ನೂ ಒಂದು ತಿಂಗಳು ಹಿಡಿಯಿತು. ಬ್ರಾಂಚ್ ಮುಚ್ಚಲಿಲ್ಲ. ಕರಿಯುವ ಮಶೀನನ್ನು ಕಿತ್ತು ಹೊಸದು ಹಾಕಿದರು. ಆದರೆ ಬೆಳಗಿನ ಹೊತ್ತು ಗಿರಾಕಿ ಸಾಲದೆಂದು ಆ ಪಾಳಿಯನ್ನೇ ತೆಗೆದುಹಾಕಿದರು. ತಂಗಿಗೆ ಈಗ ಮಧ್ಯಾಹ್ನದಿಂದ ಅಂಗಡಿ ಮುಚ್ಚುವವರೆಗೆ ಕೆಲಸ. ವಾರಕ್ಕೆ ಮೊದಲಿಗಿಂತ ಕಡಿಮೆ ದಿನ. ಅಕ್ಕ ಬೆಳಗ್ಗೆ ಒಬ್ಬರೇ ಹೊರಡುತ್ತಾರೆ. ಅವಳು ಮಲಗಿದ್ದಾಳೋ, ಎದ್ದೂ ಏಳದೆ ಬಿದ್ದುಕೊಂಡಿದ್ದಾಳೋ ಎಂದು ಬಾಗಿಲ ಸಂದಿಯಿಂದ ಒಮ್ಮೆ ನೋಡಿಯೇ ಮೆಟ್ಟಿಲಿಳಿಯುವುದು.

ಇತ್ತೀಚೆಗೆ ಇಬ್ಬರಿಗೂ ಒಂದೇ ದಿನ ರಜೆ ಸಿಕ್ಕಿತ್ತು. ತಂಗಿಯೇ ಹಟ ಹಿಡಿದು ಅಕ್ಕನನ್ನು ನೀಲಿಯಂಗಡಿಗೆ ಕರೆದೊಯ್ದಳು. ಕಿಟಕಿ ಪಕ್ಕ ಕೂತು ಒಂದು ಫ್ರೈ ಎತ್ತಿ, ಮುರಿದು, ಒಳಗಿನ ಆಲೂಗಡ್ಡೆ ನೋಡಿ, ನಿಧಾನವಾಗಿ ಅಗಿದಳು.

"ಚೆನ್ನಾಗಿದೆ" ಎಂದಳು. "ಈಗ ನಮ್ಮದೂ ಹೀಗೇ ಬರುತ್ತೆ. ಮತ್ತೆ ಯಾವಾಗ ಕೇಳ್ತಾರೆ ನಿಮ್ಮವರು?"

"ಮುಂದಿನ ವರ್ಷ ಇರಬಹುದು. ನನ್ನನ್ನ ಕಳಿಸೋದಿಲ್ಲ."

ಆ ಮುಂದಿನ ವರ್ಷದ ಚಿಂತೆ ಅಕ್ಕನಿಗೆ ಈಗಲೇ ಹತ್ತಿದೆ. ಹಾಗಿದ್ದರೆ ಏನಾಗಬೇಕೆಂದು ನಿಮ್ಮಾಸೆ ಎಂದರೆ, ತಂಗಿಯ ಅಂಗಡಿಗೇ ಹೆಚ್ಚು ಅಂಕ ಬರಲಿ ಎನ್ನುವುದಿಲ್ಲ ಅವರು. ಸೋಪಿನ ಪ್ರಶ್ನೆಗಳಿರುವ ಟ್ಯಾಬನ್ನು ಚೀಲದೊಳಗಿಡುತ್ತ ಹೇಳುತ್ತಾರೆ:

"ಯಾರನ್ನಾದ್ರೂ ಕಳಿಸ್ಲಿ. ಆದ್ರೆ ಕೇಳಿದ ಮೇಲೆ ಒಂದು ಗಳಿಗೆ ಸುಮ್ಮನೆ ನಿಲ್ಲೋರು ಆಗಿರ್ಲಿ. ಜನ ತಕ್ಷಣ ಹೇಳೋದು ಬಾಯಿಗೆ ಬಂದದ್ದು. ಸ್ವಲ್ಪ ಕಾದ್ರೆ ಆಮೇಲೆ ನಿಜ ಹೇಳ್ತಾರೆ. ನಾನು ಕಾಯ್ತೀನಿ. ನನಗೆ ಬರೋ ಕೆಲಸ ಅದೊಂದೇ."