ಕಾಲು ಚಾಚುವ ಸೀಟು

ನಂಜುಂಡಪ್ಪ ಮಾವ ಐದಡಿ ಚಿಲ್ಲರೆ ಎತ್ತರದ ಮನುಷ್ಯ. ಆದರೂ ಎಲ್ಲಿ ಹೋದರೂ ಅವರಿಗೆ ಕಾಲು ಚಾಚಲು ಜಾಗ ಬೇಕಿತ್ತು. ಗೌರಿಬಿದನೂರಿನಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಟವಲ್ ಎಸೆದು ಮುಂದಿನ ಸೀಟು ಹಿಡಿಯುತ್ತಿದ್ದರು. ಮದುವೆಯಲ್ಲಿ ಮೊದಲ ಪಂಕ್ತಿ, ಸಾವಿನ ಮನೆಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿ. ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾದ ಮೇಲೆ ಮಂಚೇನಹಳ್ಳಿಯಲ್ಲಿ ಅವರಿಗೆ ಉಳಿದಿದ್ದ ಕಸುಬು ಇದೊಂದೇ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಸೋದರತ್ತೆಯ ಗಂಡ ಎಂಬ ಕಾರಣಕ್ಕೆ ಸಹಿಸಿಕೊಂಡಿದ್ದೆ.

"ಏಮೀ ಕಾದು" ಎನ್ನುವುದು ಅವರ ಬಾಯಲ್ಲಿ ಸದಾ ಇದ್ದ ತೆಲುಗು ಮಾತು. ಏನೂ ಆಗುವುದಿಲ್ಲ ಎಂದರ್ಥ. ಆಗುವುದಿದ್ದರೂ ಅದು ಬೇರೆಯವರಿಗೆ ಎಂಬ ಧೈರ್ಯ ಅದರ ಹಿಂದಿತ್ತು.

ಒಮ್ಮೆ ಮುರುಗಮಲ್ಲದ ದರ್ಗಾಕ್ಕೆ ಹೋಗಿ ಚಿಂತಾಮಣಿಗೆ ಮರಳುವಾಗ ನಮ್ಮ ಬಸ್ಸಿನ ಇಂಜಿನ್ನಿನಿಂದ ದಟ್ಟ ಹೊಗೆ ಎದ್ದಿತು. ಮಾವ ಎಲ್ಲರಿಗಿಂತ ಮೊದಲು ಇಳಿದರು. ಇಳಿದರು ಎನ್ನುವುದು ಮರ್ಯಾದೆಯ ಮಾತು. ಅಡ್ಡ ಸಿಕ್ಕ ಹೆಂಡತಿಯ ಪಾದ ತುಳಿದುಕೊಂಡೇ ಹಾರಿದರು. ಮಂಡಿನೋವಿನ ಅತ್ತೆ ಒಳಗೆ ಕಂಬಿ ಹಿಡಿದು ಕೆಮ್ಮುತ್ತಾ ನಿಂತಿದ್ದರೆ, ಈ ಮಹಾನುಭಾವರು ಹುಣಸೆಮರದ ನೆರಳಿನಿಂದ, "ನಿಧಾನಕ್ಕೆ ಇಳ್ಕೊಳೇ, ಅರ್ಜೆಂಟೇನಿಲ್ಲ!" ಎಂದು ಕೂಗಿದರು. ಅತ್ತೆಯನ್ನು ಕೈಹಿಡಿದು ಇಳಿಸಿದವನು ಕಂಡಕ್ಟರ್.

ಇಂಥವರ ಜೊತೆ ನಾವು ವಿಮಾನದಲ್ಲಿ ಕಾಶಿಗೆ ಹೊರಟೆವು. ಕೌಂಟರಿನಲ್ಲಿ ಗೋಗರೆದು ಮಾವ ತುರ್ತು ಬಾಗಿಲ ಪಕ್ಕದ ಸೀಟು ಗಿಟ್ಟಿಸಿಕೊಂಡರು. ಅಲ್ಲಿ ಕಾಲು ಚಾಚಬಹುದು ಎಂದು ಯಾರೋ ಹೇಳಿದ್ದರಂತೆ. ಕೂತವರೇ ಪಕ್ಕದ ಸೀಟಿನ ಮೇಲೂ ಟವಲ್ ಹಾಸಿದರು. ನಾನೂ ಅತ್ತೆಯೂ ಹಿಂದಿನ ಸಾಲಿನಲ್ಲಿದ್ದೆವು.

ಕನ್ನಡ ಬಲ್ಲ ಗಗನಸಖಿಯೊಬ್ಬಳು ಬಂದು ಟವಲ್ ತೆಗೆಸಿದಳು. ಮಡಿಲಲ್ಲಿದ್ದ ಚಕ್ಕುಲಿ, ನಿಪ್ಪಟ್ಟಿನ ಚೀಲವನ್ನು ಮೇಲಿಡಬೇಕೆಂದಳು. ಈ ಸಾಲಿನಲ್ಲಿ ಕಾಲ ಬಳಿಯೂ ಏನೂ ಇರಕೂಡದಂತೆ.

"ಬಾಗ್ಲು ತೆಗ್ಯೋ ಕೈ ಬೇರೆ, ಬ್ಯಾಗ್ ಹಿಡ್ಕೊಳೋ ಕೈ ಬೇರೆ ಅಲ್ವೇನಮ್ಮ?" ಎಂದರು ಮಾವ.

ಆಕೆ ನಗಲಿಲ್ಲ. ಬಾಗಿಲು ತೆಗೆಯುವ ಚಿತ್ರಗಳಿದ್ದ ಕಾರ್ಡು ಕೊಟ್ಟಳು. ಮಾವ ಅದನ್ನು ಬೀಸಣಿಗೆ ಮಾಡಿಕೊಂಡರು.

"ಸರ್, ಏನಾದ್ರೂ ತೊಂದ್ರೆ ಆದ್ರೆ ಈ ಬಾಗ್ಲು ತೆಗ್ದು ಬೇರೆಯೋರು ಇಳಿಯಕ್ಕೆ ಸಹಾಯ ಮಾಡ್ಬೇಕು. ಮಾಡ್ತೀರಾ? ಇಷ್ಟ ಇಲ್ಲಾಂದ್ರೆ ಈಗ್ಲೇ ಹೇಳಿ, ಬೇರೆ ಸೀಟ್ ಕೊಡ್ತೀವಿ."

"ಮಾಡ್ದೆ ಏನಮ್ಮ? ಎಲ್ರನ್ನೂ ಇಳಿಸ್ತೀನಿ. ಏಮೀ ಕಾದು, ನೀನು ಹೋಗು."

ನನಗೆ ಮೈ ಉರಿಯಿತು. ನಮ್ಮ ಅಷ್ಟೂ ಜನರ ಜೀವ ಈ ಮನುಷ್ಯನ ಕೈಯಲ್ಲಿ! ಆದರೆ ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದಿನ ಸೀಟು ಹಿಡಿದುಕೊಂಡು ಎದ್ದು ನಿಂತರು. ಗಂಡನೆದುರು ಅವರು ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಇವ್ರು ಬಾಗ್ಲು ತೆಗೀತಾರೆ ಕಣಮ್ಮ. ತೆಗ್ದು ಇವ್ರೊಬ್ರೇ ಹೋಗ್ತಾರೆ. ಹಿಂದಕ್ ತಿರುಗಿ ನೋಡೋರಲ್ಲ. ನಾನು ಕಂಡಿದೀನಿ. ಇವ್ರನ್ನ ಎಬ್ಬಿಸಿಬಿಡು."

ಸುತ್ತಲಿನವರೆಲ್ಲ ತಿರುಗಿದರು. ಗಗನಸಖಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಮಾವ ಹೆಂಡತಿಯ ಮುಖ ನೋಡಿದರು. ಹೌದು ಎನ್ನಲು ಬಾಯಿ ಬರಲಿಲ್ಲ. ಚೀಲ ತಬ್ಬಿಕೊಂಡು ಹಿಂದಿನ ಯಾವುದೋ ಸಾಲಿನ ನಡುವಿನ ಸೀಟಿಗೆ ಹೋದರು. ಅಲ್ಲಿಂದ ಬಂದ ಒಬ್ಬ ಹೆಂಗಸು ಅವರ ಜಾಗದಲ್ಲಿ ಕೂತು ಆ ಕಾರ್ಡನ್ನು ಗಮನವಿಟ್ಟು ಓದತೊಡಗಿದರು.

ವಿಮಾನಕ್ಕೆ ಏನೂ ಆಗಲಿಲ್ಲ. ಊರಿಗೆ ಮರಳಿದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಕೊನೆಗೆ ಮಾವ ಹಾಸಿಗೆ ಹಿಡಿದಾಗ ನಾನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ನೋಡಲು ಹೋಗಿದ್ದೆ. ಅತ್ತೆ ಅವರಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಲೋಟ ತೊಳೆಯಲು ಹೊರಗೆ ಹೋದರು. ಮಾವ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಅವತ್ತು ವಿಮಾನದಲ್ಲಿ ಏನಾದ್ರೂ ಆಗಿದ್ರೆ, ನಾನು ಇವಳನ್ನ ಬಿಟ್ಟು ಹೋಗ್ತಿದ್ನೇನಪ್ಪ?"

ಸಾಯುತ್ತಿರುವವರಿಗೆ ಒಂದು ಸುಳ್ಳು ಹೇಳಿದರೆ ಗಂಟೇನೂ ಹೋಗುವುದಿಲ್ಲ. ಆದರೆ ಅತ್ತೆಯ ಮುಖ ಕಣ್ಣಮುಂದೆ ಬಂದು ನನಗೆ ಹೇಳಲಾಗಲಿಲ್ಲ.

"ಹೋಗ್ತಿದ್ರಿ ಮಾವ," ಎಂದೆ.

ಅವರು ಕೈ ಬಿಟ್ಟು ಗೋಡೆಯ ಕಡೆ ಹೊರಳಿದರು. ಅಷ್ಟರಲ್ಲಿ ಅತ್ತೆ ತೊಳೆದ ಲೋಟ ಹಿಡಿದು ಒಳಗೆ ಬಂದರು. "ಏನ್ ಕೇಳ್ತಿದ್ರು?" ಎಂದರು.

"ನೀವೆಲ್ಲಿ ಅಂತ," ಎಂದೆ.