ಸತ್ತವರ ಊರಿನಲ್ಲಿ ಬಂಗಾರ ಕದ್ದ ಸಿನಿಮಾ

ಅಥವಾ ಆ ಸದ್ದು ಸಿನಿಮಾದ್ದೇ ಇರಬಹುದು. ಟೀವಿಯಲ್ಲಿ ಬ್ಯಾಂಕಿನ ಕಬ್ಬಿಣದ ಬಾಗಿಲು ಸಿಡಿದದ್ದು ಮೊದಲೋ, ನಾವು ಕೂತ ನೆಲ ನಡುಗಿದ್ದು ಮೊದಲೋ, ನೆನೆದಾಗಲೆಲ್ಲ ಬೇರೆ ಬೇರೆ ಥರ ಬರುತ್ತದೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಎಂಬತ್ತರ ದಶಕದ ಕೊನೆ, ಒಂದು ಭಾನುವಾರ ಮಧ್ಯಾಹ್ನ. ಕೆಜಿಎಫ್‌ನ ಗಣಿ ಕಾರ್ಮಿಕರ ಸಾಲುಮನೆಗಳ ಹಿಂದೆ ತಗಡಿನ ಶೆಡ್ಡು, ಬಂಗಾರಪೇಟೆಯಿಂದ ಬಾಡಿಗೆಗೆ ತಂದ ವಿಡಿಯೊ ಡೆಕ್ಕು, ಒಂದು ಇಂಗ್ಲಿಷ್ ಕ್ಯಾಸೆಟ್ಟು. ನನ್ನ ಪಕ್ಕ ಸೋದರತ್ತೆ. ಅವಳ ಗಂಡ ಕ್ಯಾಸಂಬಳ್ಳಿ ಕಡೆಯ ಹೊಲ ಬಿಟ್ಟು ಗಣಿಗೆ ಇಳಿದವನು. ಹಿಂದಿನ ವರ್ಷ ನೆಲದಡಿ ಬಂಡೆ ಸಿಡಿದು ಸುರಂಗ ಮುಚ್ಚಿಕೊಂಡಾಗ ಒಳಗಿದ್ದ. ಹೆಣ ಸಿಗಲಿಲ್ಲ. ಆಮೇಲೆ ಗಣಿಗೆ ಇಳಿಯುವ ಆ ಶಾಫ್ಟನ್ನೇ ಮುಚ್ಚಿದರು.

ಹೆಣ ಸಿಗದವರಿಗೆ ದರ್ಭೆಯ ಬೊಂಬೆ ಮಾಡಿ ಸುಟ್ಟು ಕರ್ಮ ಮುಗಿಸುತ್ತಾರೆ. ಅತ್ತೆ ಅದಕ್ಕೆ ಒಪ್ಪಿರಲಿಲ್ಲ. ಬಳೆ, ಕುಂಕುಮ, ತಾಳಿ ಎಲ್ಲ ಹಾಗೇ ಇದ್ದವು. ಅವತ್ತು ಬೆಳಿಗ್ಗೆ ಅವಳ ಮೈದುನ ಬಂದು, "ಅತ್ಗೆ, ಊರೋರು ನಗ್ತಾವ್ರೆ. ನಾಳೆ ಐನೋರು ಬತ್ತಾರೆ, ಬೊಂಬೆ ಸುಟ್ಬುಡಾನ" ಅಂದಿದ್ದ. ಅವಳು ನನ್ನ ಕಡೆ ತಿರುಗಿದಳು. "ಅದೇನೋ ಸತ್ತೋರು ಎದ್ದು ಬರೋ ಪಿಚ್ಚರ್ ಆಕ್ತಾರಂತಲ್ಲ. ಕರ್ಕೊಂಡೋಗ್ಲಾ."

ಕತೆ ಇಷ್ಟು. ಒಂದು ಊರಿಗೆ ಊರೇ ಸತ್ತು, ಸತ್ತವರು ಎದ್ದು ಓಡಾಡುತ್ತಿದ್ದಾರೆ. ಅಲ್ಲಿಯ ಬ್ಯಾಂಕಿನಲ್ಲಿ ಬಂಗಾರ ಉಳಿದಿದೆ. ಕದಿಯಲು ಕಳ್ಳರು ಬಂದೂಕು ಹಿಡಿದು ನುಗ್ಗುತ್ತಾರೆ. ಬಂದೂಕಿನ ಭಾಗ ಬೇಸರ. ಕಳ್ಳರೆಲ್ಲ ಒಂದೇ ಥರ, ಅವರಲ್ಲಿ ಸತ್ತವನು ಯಾರೆಂದು ಅಂಗಿಯ ಬಣ್ಣ ನೋಡಿಯೇ ತಿಳಿಯಬೇಕು. ಗೋಡೆ ಸಿಡಿಸಿದ ಮರುಕ್ಷಣ ಅವರು ಒಳನುಗ್ಗಿದಾಗ, ಗಣಿಯಲ್ಲಿ ಬಂಡೆ ಸಿಡಿಸಿ ಹೊಗೆ ಇಳಿಯುವವರೆಗೆ ಕಾದು ರೂಢಿಯಿದ್ದ ಹಿಂದಿನ ಸಾಲಿನವನೊಬ್ಬ, "ಡೇಯ್, ಒಗೆ ಓಗ್ಲಿ ಇರ್ರೋ, ಸತ್ತೋಗ್ತೀರ!" ಎಂದು ನಿಜಕ್ಕೂ ಗಾಬರಿಯಿಂದ ಕೂಗಿದ. ಕಳ್ಳರು ಬಂಗಾರದ ಗಟ್ಟಿಗಳನ್ನು ಹತ್ತಿಯ ಮೂಟೆಯಂತೆ ಹೆಗಲಿಗೆಸೆದುಕೊಂಡು ಓಡಿದಾಗ, ಬಂಗಾರದ ತೂಕ ಗೊತ್ತಿದ್ದ ಶೆಡ್ಡೆಲ್ಲ ನಕ್ಕಿತು.

ಚೆನ್ನಾಗಿದ್ದದ್ದು ಸತ್ತವರು. ಮೊದಲು ಅವರ ಮುಖ ತೋರಿಸಲೇ ಇಲ್ಲ, ಕಾಲಿನ ಸದ್ದು ಮಾತ್ರ. ಆಮೇಲೆ ನೆಲಮಾಳಿಗೆಯಿಂದ ಗುಂಪಾಗಿ, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಮೆಲ್ಲಗೆ ಮೇಲೆ ಬಂದರು.

"ಓ, ಶಿಫ್ಟ್ ಬಿಡ್ತು ಕಣ್ರಲಾ!" ಯಾರೋ ಅಂದರು. ಎಲ್ಲರೂ ನಕ್ಕರು. ಆ ನಗು ನಡುವೆಯೇ ನಿಂತುಹೋಯಿತು. ನಡಿಗೆ ನಿಜವಾಗಿಯೂ ಹಾಗೇ ಇತ್ತು.

ಅತ್ತೆ ಪಿಸುಗುಟ್ಟಿದಳು, "ಇವ್ರ ಎಂಡ್ರೆಲ್ಲಿ?"

"ಬರೀ ಪಿಚ್ಚರ್ ಅತ್ತೆ."

"ಪಿಚ್ಚರ್ ಆದ್ರೇನ್ಲಾ? ಇಷ್ಟು ಜನ ಎದ್ದು ಬತ್ತಾವ್ರೆ, ಒಬ್ಳೂ ಎದುರ್ಗೆ ಬರಲ್ವಾ?"

ಆ ಸಿನಿಮಾದ ದೊಡ್ಡ ದೋಷ ಅದೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅದರಲ್ಲಿ ಸತ್ತವರಿಗಾಗಿ ಕಾದಿರುವವರೇ ಇರಲಿಲ್ಲ.

ಆಗ ಕಬ್ಬಿಣದ ಬಾಗಿಲು ಸಿಡಿಯಿತು. ನೆಲ ನಡುಗಿತು, ತಗಡು ಗಡಗಡ ಅಂದಿತು. ಕೆಜಿಎಫ್‌ನಲ್ಲಿ ನೆಲ ನಡುಗಿದರೆ ಯಾರೂ ಯಾರನ್ನೂ ಕೇಳುವುದಿಲ್ಲ. ಹೊರಗೆ ಬಂದು ಶಾಫ್ಟಿನ ಗೋಪುರದ ಕಡೆ ನೋಡುತ್ತಾರೆ. ತುದಿಯ ಚಕ್ರ ತಿರುಗುತ್ತಿದ್ದರೆ ಕೆಳಗಿನವರನ್ನು ಮೇಲೆ ತರುತ್ತಿದ್ದಾರೆ ಎಂದು ಅರ್ಥ. ನಾವೆಲ್ಲ ಹಾಗೇ ಹೊರಗೆ ನಿಂತೆವು. ಸ್ವಲ್ಪ ಹೊತ್ತಿಗೆ ಒಬ್ಬ, "ಥೂ, ಪಿಚ್ಚರ್ ಬಾಂಬಿಗೆ ಎದ್ದು ಬಂದ್ವಲ್ಲೋ!" ಅಂದ. ಎಲ್ಲರೂ ನಾಚಿಕೊಂಡು ಒಳಗೆ ಹೋದರು.

ಅತ್ತೆ ಹೋಗಲಿಲ್ಲ. ಅವಳು ನೋಡುತ್ತಿದ್ದದ್ದು ಮುಚ್ಚಿದ ಶಾಫ್ಟಿನ ಕಡೆ.

"ತಿರುಗ್ತೈತೆ ನೋಡ್ಲಾ."

ನೋಡಿದೆ. ಚಕ್ರದ ಹಿಂದೆಯೇ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಜನರನ್ನು ಮೇಲೆಳೆಯುವ ಅದರ ಹಗ್ಗ ಬಿಚ್ಚಿ ತಿಂಗಳುಗಳಾಗಿದ್ದವು. ಆದರೂ ಕಡ್ಡಿಗಳ ನಡುವಿನ ಬೆಳಕು ಜರುಗಿದಂತೆ ಕಂಡಿತು. ಬೆನ್ನ ಹಿಂದೆ, ಶೆಡ್ಡಿನಲ್ಲಿ, ಸತ್ತವರ ಕಾಲಿನ ಸದ್ದು ಮತ್ತೆ ಶುರುವಾಗಿತ್ತು.

ಮರುದಿನ ಐನೋರು ಬಂದರು. ಅತ್ತೆ ಅವರನ್ನು ಹೊಸ್ತಿಲಿಂದಲೇ ಕಳಿಸಿದಳು. "ಮೇಲಕ್ಕೆ ಬರೋನ್ಗೆ ಕರ್ಮ ಯಾಕೆ?" ಅಂದಳು. ಮೈದುನ ಮತ್ತೆ ಆ ಮನೆಗೆ ಕಾಲಿಡಲಿಲ್ಲ. ಸಾಯುವವರೆಗೂ ಅವಳು ಕುಂಕುಮ ಇಟ್ಟಳು.

ಆದರೆ ಅದುವರೆಗೆ ಸಂಜೆ ಗಂಡನಿಗೆಂದು ತೆರೆದಿಡುತ್ತಿದ್ದ ಬಾಗಿಲಿಗೆ ಅಂದಿನಿಂದ ಬಿಸಿಲಿರುವಾಗಲೇ ಚಿಲಕ ಹಾಕತೊಡಗಿದಳು. ಅವನು ಬರಲಿ ಎಂದಿದ್ದಳೋ, ಬರುತ್ತಾನೆಂದು ಹೆದರಿದ್ದಳೋ, ನನಗೆ ಗೊತ್ತಿಲ್ಲ.