ಮಬ್ಬು ಹಸರಿನ ಗ್ವಾಡಿ

ಬಣ್ಣದ ವಾಸನಿ ಇನ್ನೂ ಪಡಸಾಲಿ ಬಿಟ್ಟು ಹೋಗಿಲ್ಲ. ಚಾದಾಗೂ ಐತಿ, ರೊಟ್ಟ್ಯಾಗೂ ಐತಿ. ನಾನು ಗ್ವಾಡಿಯಿಂದ ಒಂದು ಗೇಣು ಸರದು, ಬೆನ್ನು ನೆಟ್ಟಗ ಮಾಡಿ ಕುಂತೇನಿ, ಫೋಟೋ ತಗಸಾಕ ಕುಂತವರಂಗ. ಕಾರಣ ಹೇಳತೇನಿ, ಕುಂದ್ರಿ.

ಬಣ್ಣ ಆರಿಸಿದಾಕಿ ನನ್ನ ಸೊಸಿ ಗಿರಿಜಾ. ರಾಣೆಬೆನ್ನೂರಿನ ಅಂಗಡಿಯಿಂದ ಬಣ್ಣದ ಕಾರ್ಡು ತಂದು ಒಂದರ ಮ್ಯಾಲೆ ಬಟ್ಟು ಇಟ್ಟಳು. ಹಸರು ಅಂದರ ಎಳೇ ಹಸರಲ್ಲ. ಹೊತ್ತು ಮುಳುಗಿದ ಮ್ಯಾಲೆ ಬೇವಿನ ಗಿಡ ಕಾಣತೈತಲ್ಲ, ಹಂಗ. ಹೊಳಪಿಲ್ಲ, ಮಬ್ಬು.

"ಕೆರಿ ಪಾಚಿ ತಂದು ಮನಿಗೆ ಬಳೀತಿ ಏನವಾ?" ಅಂದೆ.

"ಕಣ್ಣಿಗೆ ತಂಪು ಇರತೈತ್ರೀ ಅತ್ತಿ," ಅಂದಳು. ಆಮ್ಯಾಲೆ ಸಣ್ಣ ದನಿಲೆ, "ಈ ಮನಿಗೆ ಬಂದಾಗಿಂದ ಒಂದು ಗ್ವಾಡಿನಾರ ನನ್ನ ಮನಸಿಗೆ ಬಂದಂಗ ಮಾಡಬೇಕಂತ ಆಸೆ ಐತ್ರಿ."

ಆದರ ಆಕಿ ಆರಿಸಿದ್ದು ನಮ್ಮ ಯಜಮಾನ್ರು ಒರಗತಿದ್ದ ಗ್ವಾಡಿ.

ಅವರು ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಅಂಗಡಿಯೊಳಗ ದುಡೀತಿದ್ದರು. ಸಂಜಿಕೆ ಮನಿಗೆ ಬಂದರ ಮೊದಲು ನಾವೆಲ್ಲಾ ಸೀನಬೇಕು, ನಾಯಿ ಬೊಗಳೋದು ಆಮ್ಯಾಲೆ. ತಲಿಗೆ ಕೊಬ್ಬರಿ ಎಣ್ಣಿ, ಎಣ್ಣಿ ಮ್ಯಾಲೆ ಕೆಂಪು ಧೂಳಿ. ಕೈಕಾಲು ತೊಳಕೊಳ್ಳೂಕಿಂತ ಮೊದಲ ಗ್ವಾಡಿಗೆ ತಲಿ ಆನಿಸಿಬಿಡತಿದ್ದರು.

"ನೀವು ಬಂದೀರೋ, ಮೆಣಸಿನಕಾಯಿ ಚೀಲ ಬಂದೈತೋ?" ಅಂತಿದ್ದೆ.

"ಚೀಲ ಆಗಿದ್ದರ ರೇಟಾರ ಇರತಿತ್ತಲ್ಲ," ಅಂತಿದ್ದರು.

ಅವರು ತಲಿ ಆನಿಸತಿದ್ದಲ್ಲಿ ರೊಟ್ಟಿಯಗಲ ಕೆಂಪು ಕಲೆ. ದೀಪಾವಳಿಗೆ ಬೈಕೋಂತ ಸುಣ್ಣ ಹಚ್ಚಿದರ, ಸಂಕ್ರಾಂತಿ ಬರೂದರಾಗ ಮತ್ತ ಮುಖ ತೋರಿಸತಿತ್ತು. ಅವರು ತೀರಿಕೊಂಡ ಮ್ಯಾಲೆ ಆ ಜಾಗಕ್ಕ ಸುಣ್ಣ ಹಚ್ಚೋದು ಬಿಟ್ಟೆ. ಮೊಣಕಾಲು ನೋವು ಅಂತ ಎಲ್ಲಾರಿಗೂ ಹೇಳಿದ್ದೆ. ನೀವೂ ಹಂಗ ತಿಳಕೋರಿ.

ಬಣ್ಣ ಹಚ್ಚಾವ ಬಂದು, "ಈ ಕಲೆ ಪೂರ್ತಿ ಕೆರೀಬೇಕ್ರಿ, ಇಲ್ಲಂದರ ಎಣ್ಣಿ ಬಣ್ಣದ ಮ್ಯಾಲೆ ಬರತೈತಿ," ಅಂದ. ಗಿರಿಜಾ ಅಡ್ಡ ನಿಂತಳು. "ಅದೊಂದು ಜಾಗ ಬಿಟ್ಟು ಹಚ್ಚರಿ. ನಮ್ಮ ಮಾವನವರದು."

ಆಕಿ ಆಸೆಯ ಗ್ವಾಡಿ, ಆಕೀನ ತೂತು ಬಿಡಾಕ ಹೊಂಟಾಳ!

"ಹಸರು ಗ್ವಾಡ್ಯಾಗ ಅದು ಹುಣ್ಣು ಎದ್ದಂಗ ಕಾಣತೈತಿ. ಕೆರಿಯಪಾ," ಅಂದು ಹಿತ್ತಲಕ್ಕ ಹೋದೆ. ಕೆರಿಯೋ ಸಪ್ಪಳ ಅಲ್ಲಿಗೂ ಕೇಳತಿತ್ತು. ಅಷ್ಟರಾಗ ಒಳಗ ಗಿರಿಜಾ ಸೀನಿದಳು. ಹಿಂದಿಂದ ಬಣ್ಣದವನೂ ಸೀನಿದ. ಸುಣ್ಣದ ಧೂಳಿಗೇ ಇರಬೇಕು. ಆದರೂ ನಾನು ತಿರುಗಿ ಬಾಗಿಲ ಕಡೆ ನೋಡಿದೆ.

ಮೆಣಸಿನಕಾಯಿ ಹಸರಿದ್ದದ್ದು ಕೆಂಪಾಗತೈತಿ. ನಮ್ಮ ಗ್ವಾಡಿ ಕೆಂಪಿದ್ದದ್ದು ಹಸರಾತು. ಖರೇ ಹೇಳಬೇಕಂದರ ಚಲೋ ಕಾಣತೈತಿ. ಗ್ವಾಡಿ ಗೂಡಿನಾಗಿನ ಹಿತ್ತಾಳಿ ದೀಪ ಇಷ್ಟು ದಿನ ಅಲ್ಲೇ ಇತ್ತು, ಈಗ ಕಣ್ಣಿಗೆ ಬಿತ್ತು.

ಗಿರಿಜಾ ಚಾ ತಂದಳು. "ಯಾಕ್ರೀ ಅತ್ತಿ, ಗ್ವಾಡಿ ಕಚ್ಚತೈತೇನು? ಒರಗ್ರಿ."

"ತಲಿಗೆ ಎಣ್ಣಿ ಐತವಾ. ನಿನ್ನ ಬಣ್ಣಕ್ಕ ಕಲೆ ಬೀಳತೈತಿ."

ಆಕಿ ಬಾಜೂಕ ಕುಂತು, ಮೊದಲು ತಾನ ತಲಿ ಆನಿಸಿದಳು. ಮುಂಜಾನೆ ಆಕಿ ತಲಿಗೆ ಎಣ್ಣಿ ತಿಕ್ಕಿದಾಕಿ ನಾನ.

ನಾನೂ ಹಿಂದಕ್ಕ ಸರದು ಒರಗಿದೆ.